ನಾಯಿ ಮೈಯಿಂದ ಆಡುವ ಮಾತು

‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆ ನಮ್ಮಲ್ಲಿದೆ. ಆ ಗಾದೆ ನಮಗೇನೋ ಗೊತ್ತು, ನಾಯಿಗೆ ಗೊತ್ತಿದೆಯೇ ಎಂಬ ನಗೆಮಾತೂ ಅದರ ಬೆನ್ನಿಗೇ ಇದೆ. ಈ ನಗೆಮಾತಿನಲ್ಲಿ ಒಂದು ನಿಜ ಅಡಗಿದೆ. ನಾಯಿಯ ಮನಸ್ಸನ್ನು ನಾವು ಅದರ ಬೊಗಳುವಿಕೆಯಿಂದ ಅಳೆಯಲು ಹೋಗುತ್ತೇವೆ. ನಾಯಿಯಾದರೋ ತನ್ನ ಬಹುಪಾಲು ಮಾತನ್ನು ಬಾಲ, ಕಿವಿ, ಕಣ್ಣು, ತುಟಿ, ಬೆನ್ನಿನ ಕೂದಲು ಮತ್ತು ನಿಲ್ಲುವ ಭಂಗಿಯಿಂದ ಆಡುತ್ತದೆ. ಹೆದರಿಕೆ, ಕಳವಳ, ಸಿಟ್ಟು, ನೋವು, ಜ್ವರ ಎಲ್ಲವನ್ನೂ ಅದು ಮೈಯಲ್ಲೇ ಹೇಳಿಕೊಳ್ಳುತ್ತದೆ. ಆ ಮಾತು ತಿಳಿಯದವರಿಗೆ ಮಾತ್ರ ನಾಯಿ ಇದ್ದಕ್ಕಿದ್ದಂತೆ ಕಚ್ಚಿದಂತೆ, ಇದ್ದಕ್ಕಿದ್ದಂತೆ ಕಾಯಿಲೆ ಬಿದ್ದಂತೆ ಕಾಣುತ್ತದೆ.

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ನಾಯಿಯಿಲ್ಲದ ಓಣಿಯಿಲ್ಲ. ಹಾನಗಲ್ಲಿನ ಭತ್ತದ ಗದ್ದೆ, ಮಾವಿನ ತೋಪುಗಳಿಗೆ, ಸವಣೂರಿನ ವೀಳ್ಯದೆಲೆ ತೋಟಗಳಿಗೆ, ಶಿಗ್ಗಾವಿ ಮತ್ತು ಹಿರೇಕೆರೂರು ಕಡೆಯ ಗೋವಿನಜೋಳದ ಹೊಲಗಳಿಗೆ ರಾತ್ರಿ ಕಾವಲಿಗೆ ನಾಯಿ ಬೇಕು. ಕುರಿಗಾರರಿಗಂತೂ ನಾಯಿಯೆಂದರೆ ಮನೆಯ ಒಬ್ಬ ಆಳಿದ್ದಂತೆ. ಇವುಗಳ ಜೊತೆಗೆ ಯಾರೊಬ್ಬರದೂ ಅಲ್ಲದ, ನಾಲ್ಕು ಮನೆಯ ರೊಟ್ಟಿ ತಿಂದು ನಾಲ್ಕೂ ಮನೆ ಕಾಯುವ ಓಣಿನಾಯಿಗಳು ಬೇರೆ. ಶಾಲೆಗೆ ನಡೆದು ಹೋಗುವ, ಬಸ್ಸಿಗೆ ಕಾಯುವ ಮಕ್ಕಳು ದಿನವೂ ಇವುಗಳ ನಡುವೆಯೇ ಓಡಾಡುತ್ತಾರೆ. ಆದ್ದರಿಂದ ನಾಯಿಯ ಭಾಷೆಯಲ್ಲಿ ನಾಲ್ಕಕ್ಷರ ಕಲಿಯುವುದು ಮಕ್ಕಳಿಗೂ ಪಾಲಕರಿಗೂ ಅಗತ್ಯ.

ಹಳೆಯ ನಂಟು

ಕನ್ನಡಿಗರಿಗೂ ನಾಯಿಗೂ ಇರುವ ನಂಟು ಕಲ್ಲಿನಲ್ಲೇ ದಾಖಲಾಗಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ವೀರಗಲ್ಲು ಇದಕ್ಕೆ ಸಾಕ್ಷಿ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಕಾಲದಲ್ಲಿ, ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರ ಎಂಬ ವೀರ ಬಹುಮಾನವಾಗಿ ಕೇಳಿ ಪಡೆದದ್ದು ‘ಕಾಳಿ’ ಎಂಬ ನಾಯಿಯನ್ನು. ಆ ಕಾಳಿ ಮುಂದೆ ದೊಡ್ಡದೊಂದು ಹಂದಿಯೊಡನೆ ಹೋರಾಡಿತು. ನಾಯಿಯೂ ಹಂದಿಯೂ ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ನಾಯಿ–ಹಂದಿಯ ಕಾಳಗವನ್ನು ಕೆತ್ತಿದ ಆ ಕಲ್ಲು ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ಹೀಗೆ ನಾಯಿಯನ್ನು ಮೆಚ್ಚಿದವರು ಎಲ್ಲ ಕಾಲದಲ್ಲೂ ಇದ್ದರು. ಅದರ ಮೈಯ ಭಂಗಿಗಳನ್ನು ವಿಜ್ಞಾನದ ಕಣ್ಣಿನಿಂದ ನೋಡಿದವರಲ್ಲಿ ಚಾರ್ಲ್ಸ್ ಡಾರ್ವಿನ್ ಮೊದಲಿಗರ ಸಾಲಿನಲ್ಲಿ ಬರುತ್ತಾರೆ. ಮನುಷ್ಯ ಮತ್ತು ಪ್ರಾಣಿಗಳ ಭಾವಪ್ರದರ್ಶನದ ಬಗ್ಗೆ 1872ರಲ್ಲಿ ಅವರು ಬರೆದ ಪುಸ್ತಕದಲ್ಲಿ ನಾಯಿಯ ಚಿತ್ರಗಳಿವೆ. ಸಿಟ್ಟಿಗೆದ್ದ ನಾಯಿ ಮೈ ಸೆಟೆಸಿ, ಬಾಲ ಎತ್ತಿ, ಕೂದಲು ನಿಮಿರಿಸಿ ದೊಡ್ಡದಾಗಿ ಕಾಣುತ್ತದೆ. ಅದೇ ನಾಯಿ ಒಡೆಯನ ಮುಂದೆ ಮೈ ಬಗ್ಗಿಸಿ, ಬಾಲ ಇಳಿಸಿ, ಕಿವಿ ಹಿಂದಕ್ಕೆ ಹಾಕಿ ಸಣ್ಣದಾಗುತ್ತದೆ. ವಿರುದ್ಧ ಭಾವಗಳಿಗೆ ವಿರುದ್ಧ ಭಂಗಿಗಳು ಎಂಬುದು ಡಾರ್ವಿನ್ ಕಂಡ ಸೂತ್ರ. ‘ದೊಡ್ಡದಾಗುವ ನಾಯಿ, ಸಣ್ಣದಾಗುವ ನಾಯಿ’ ಎಂಬ ಈ ಎರಡು ಚಿತ್ರಗಳನ್ನು ನೆನಪಿಟ್ಟರೆ ಮೊದಲ ಪಾಠ ಮುಗಿದಂತೆ.

ಬಾಲ ಅಲ್ಲಾಡಿದರೆ ಸ್ನೇಹವೇ?

ಬಾಲ ಅಲ್ಲಾಡಿಸುವ ನಾಯಿ ಒಳ್ಳೆಯದು ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಇದು ಅರ್ಧ ಸತ್ಯ. ಬಾಲ ಅಲ್ಲಾಡಿದರೆ ನಾಯಿಯ ಮನಸ್ಸು ಕದಡಿದೆ ಎಂದಷ್ಟೇ ಅರ್ಥ. ಸಂತೋಷದಿಂದಲೋ ಸಿಟ್ಟಿನಿಂದಲೋ ಎಂಬುದನ್ನು ಮೈಯ ಉಳಿದ ಭಾಗ ಹೇಳಬೇಕು. ಬಾಲದ ಜೊತೆಗೆ ಸೊಂಟವೂ ಬಳುಕುತ್ತಿದ್ದರೆ, ಬಾಯಿ ಸಡಿಲವಾಗಿ ತೆರೆದಿದ್ದರೆ, ಕಣ್ಣು ಮೆತ್ತಗಿದ್ದರೆ ಅದು ಸ್ನೇಹ. ಬಾಲ ನೆಟ್ಟಗೆ ಮೇಲೆದ್ದು ತುದಿಯಷ್ಟೇ ಬಿರುಸಾಗಿ ನಡುಗುತ್ತಿದ್ದರೆ, ಮೈ ಕೊರಡಿನಂತೆ ಬಿಗಿದಿದ್ದರೆ ಅಲ್ಲಿಂದ ಮೆಲ್ಲಗೆ ಹಿಂದೆ ಸರಿಯುವುದು ಲೇಸು. ಬಾಲವನ್ನು ಹಿಂಗಾಲುಗಳ ನಡುವೆ ಮುದುರಿಕೊಂಡರೆ ಭಯ. ಹೆದರಿದ ನಾಯಿಯನ್ನು ಮೂಲೆಗೆ ಒತ್ತಿದರೆ ಅದೂ ಕಚ್ಚುತ್ತದೆ ಎಂಬುದನ್ನು ಮರೆಯಬಾರದು.

ಇಟಲಿಯ ಬಾರಿ ವಿಶ್ವವಿದ್ಯಾಲಯದ ವಿಜ್ಞಾನಿಗಳು 30 ಸಾಕುನಾಯಿಗಳ ಬಾಲವನ್ನು ಕ್ಯಾಮೆರಾದಲ್ಲಿ ಸೆರೆಹಿಡಿದು 2007ರಲ್ಲಿ ಒಂದು ಸ್ವಾರಸ್ಯದ ಸಂಗತಿ ಪ್ರಕಟಿಸಿದರು. ಒಡೆಯನನ್ನು ಕಂಡಾಗ ಬಾಲ ನಾಯಿಯ ಬಲಗಡೆಗೆ ಹೆಚ್ಚು ವಾಲುತ್ತಿತ್ತು. ಪರಿಚಯವಿಲ್ಲದ ಜೋರಿನ ನಾಯಿಯನ್ನು ಕಂಡಾಗ ಎಡಗಡೆಗೆ. ಮಿದುಳಿನ ಎಡಬಲ ಭಾಗಗಳು ಬೇರೆ ಬೇರೆ ಭಾವಗಳನ್ನು ನಿಭಾಯಿಸುವುದೇ ಇದಕ್ಕೆ ಕಾರಣವೆಂದು ಅವರು ವಿವರಿಸಿದರು. ಬರಿಗಣ್ಣಿಗೆ ಇದು ಸುಲಭವಾಗಿ ಕಾಣುವುದಿಲ್ಲ. ಆದರೆ ಬಾಲ ಅಲ್ಲಾಡಿಸುವುದರಲ್ಲೂ ಬಗೆಗಳಿವೆ ಎಂಬುದು ಇದರಿಂದ ಖಚಿತವಾಯಿತು.

ಬೆನ್ನಿನ ಕೂದಲು ನಿಮಿರಿದರೂ ಹಾಗೆಯೇ. ಸಿಟ್ಟಿಗೆ ನಿಮಿರುವಂತೆ ಭಯಕ್ಕೂ, ಅಚ್ಚರಿಗೂ ನಿಮಿರುತ್ತದೆ. ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಮೇಲೆತ್ತಿ ನಿಂತರೆ ಅದು ‘ಬಾ, ಆಡೋಣ’ ಎಂಬ ಕರೆ. ನಾಯಿಮರಿಗಳು ಇದನ್ನು ದಿನಕ್ಕೆ ಹತ್ತಾರು ಸಲ ಮಾಡುವುದನ್ನು ಯಾರು ಬೇಕಾದರೂ ನೋಡಬಹುದು.

ಆಕಳಿಕೆಯಿಂದ ಕಚ್ಚುವವರೆಗೆ

ನಾಯಿ ಆಕಳಿಸಿದರೆ ನಿದ್ದೆ ಬಂದಿದೆ ಎಂದುಕೊಳ್ಳುತ್ತೇವೆ. ಎಚ್ಚರವಾಗಿರುವ ನಾಯಿಯನ್ನು ಮಗುವೊಂದು ಬಿಗಿಯಾಗಿ ಅಪ್ಪಿಕೊಂಡಾಗ ಅದು ಆಕಳಿಸಿದರೆ ಅರ್ಥ ಬೇರೆ. ಎದುರಿಗೆ ತಿಂಡಿಯಿಲ್ಲದಿದ್ದರೂ ತುಟಿ, ಮೂಗು ನೆಕ್ಕಿಕೊಳ್ಳುವುದು, ಮುಖ ಪಕ್ಕಕ್ಕೆ ತಿರುಗಿಸುವುದು, ಒಂದು ಮುಂಗಾಲು ಎತ್ತಿ ಹಿಡಿಯುವುದು, ನೆನೆಯದಿದ್ದರೂ ಮೈ ಕೊಡವುವುದು, ಸೆಕೆಯಿಲ್ಲದಿದ್ದರೂ ತೇಕುವುದು ಇವೆಲ್ಲ ಕಳವಳದ ಲಕ್ಷಣಗಳು. ಇಂಥ ಸಣ್ಣ ಸಂಜ್ಞೆಗಳಿಂದ ನಾಯಿ ತನ್ನನ್ನೂ ಎದುರಿನವರನ್ನೂ ಸಮಾಧಾನಪಡಿಸಲು ನೋಡುತ್ತದೆ ಎಂದು ನಾರ್ವೆಯ ನಾಯಿ ತರಬೇತಿಗಾರ್ತಿ ಟೂರಿಡ್ ರುಗಾಸ್ ಹೇಳಿದರು. 1990ರ ದಶಕದಲ್ಲಿ ಬಂದ ಅವರ ಪುಸ್ತಕದಿಂದ ಈ ವಿಷಯ ಎಲ್ಲೆಡೆ ಹರಡಿತು.

ಈ ಸಣ್ಣ ಸಂಜ್ಞೆಗಳನ್ನು ಯಾರೂ ಲೆಕ್ಕಿಸದಿದ್ದಾಗ ನಾಯಿ ಒಂದೊಂದೇ ಮೆಟ್ಟಿಲು ಏರುತ್ತದೆ. ಮೈ ಕಲ್ಲಿನಂತೆ ನಿಶ್ಚಲವಾಗುತ್ತದೆ. ತಲೆ ತಿರುಗಿಸಿದರೂ ಕಣ್ಣು ನಮ್ಮ ಮೇಲೇ ನೆಟ್ಟು, ಕಣ್ಣಂಚಿನ ಬಿಳಿ ಅರ್ಧಚಂದ್ರದಂತೆ ಕಾಣುತ್ತದೆ. ಮೂಗಿನ ಮೇಲೆ ಸುಕ್ಕು ಬಿದ್ದು ತುಟಿ ಮೇಲೇಳುತ್ತದೆ. ಗುರ್ರೆನ್ನುತ್ತದೆ. ಗಾಳಿಯಲ್ಲಿ ಒಮ್ಮೆ ಬಾಯಿ ಹಾಕುತ್ತದೆ. ಕಚ್ಚುವುದು ಇದೆಲ್ಲದರ ಆಚೆಗಿನ ಕೊನೆಯ ಮೆಟ್ಟಿಲು.

‘ಏ, ಅದು ಏನೂ ಮಾಡಂಗಿಲ್ಲ ಬಾರೋ ತಮ್ಮಾ’ ಎಂದು ಮನೆಯವರು ಧೈರ್ಯ ಹೇಳುವುದು ಬಹುಪಾಲು ಈ ಮೆಟ್ಟಿಲುಗಳ ನಡುವೆಯೇ. ಇನ್ನೊಂದು ತಪ್ಪು, ಗುರ್ರೆಂದ ನಾಯಿಗೆ ಹೊಡೆಯುವುದು. ಹೊಡೆತ ತಿಂದ ನಾಯಿ ಗುರ್ರೆನ್ನುವುದನ್ನು ಬಿಡಬಹುದು. ಅದರ ಭಯ ಮಾತ್ರ ಹಾಗೇ ಉಳಿಯುತ್ತದೆ. ಮುಂದಿನ ಸಲ ಅದು ಎಚ್ಚರಿಕೆ ಕೊಡದೆ ನೇರವಾಗಿ ಕಚ್ಚೀತು. ಗುರ್ರೆನ್ನುವ ನಾಯಿಯಿಂದ ದೂರ ಸರಿದು, ಅದಕ್ಕೆ ಏನು ಹಿಡಿಸಲಿಲ್ಲ ಎಂದು ಯೋಚಿಸುವುದೇ ಜಾಣತನ.

ತಪ್ಪಿತಸ್ಥನ ಮುಖ

ಹಾಲು ಕುಡಿದ ನಾಯಿ, ಚಪ್ಪಲಿ ಕಡಿದ ನಾಯಿ ತಲೆ ತಗ್ಗಿಸಿ, ಕಿವಿ ಹಿಂದಕ್ಕೆ ಹಾಕಿ, ಬಾಲ ಮುದುರಿ ನಿಂತರೆ ‘ನೋಡು, ತಪ್ಪು ಮಾಡಿದ್ದು ಅದಕ್ಕೂ ಗೊತ್ತು’ ಎನ್ನುತ್ತೇವೆ. ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಪರೀಕ್ಷಿಸಿತು. 14 ನಾಯಿಗಳ ಮುಂದೆ ತಿಂಡಿ ಇಟ್ಟು, ತಿನ್ನಬೇಡವೆಂದು ಹೇಳಿ ಒಡೆಯರು ಹೊರಗೆ ಹೋಗುತ್ತಿದ್ದರು. ಮರಳಿ ಬಂದಾಗ ಕೆಲವು ಸಲ ನಾಯಿ ತಿಂದಿಲ್ಲದಿದ್ದರೂ ತಿಂದಿದೆ ಎಂದು ಅವರಿಗೆ ಹೇಳಲಾಗುತ್ತಿತ್ತು. ತಪ್ಪು ಮಾಡಿದೆಯೋ ಇಲ್ಲವೋ ಎಂಬುದಕ್ಕೂ ನಾಯಿಯ ಮುಖಕ್ಕೂ ಸಂಬಂಧ ಕಾಣಲಿಲ್ಲ. ಒಡೆಯ ಬೈದಾಗಲೆಲ್ಲ ‘ತಪ್ಪಿತಸ್ಥನ ಮುಖ’ ಕಾಣಿಸಿತು. ತಪ್ಪೇ ಮಾಡದೆ ಬೈಸಿಕೊಂಡ ನಾಯಿಗಳಲ್ಲಿ ಅದು ಇನ್ನೂ ಹೆಚ್ಚಾಗಿತ್ತು.

ಅಂದರೆ ನಾವು ಪಶ್ಚಾತ್ತಾಪ ಎಂದುಕೊಳ್ಳುವುದು ಹೆದರಿಕೆ. ಸಂಜೆ ಬಂದು ಬೆಳಗಿನ ತಪ್ಪಿಗೆ ಹೊಡೆದರೆ ನಾಯಿಗೆ ಏನೂ ತಿಳಿಯುವುದಿಲ್ಲ, ಮನೆಗೆ ಬಂದವರ ಕೈಗೆ ಹೆದರುವುದನ್ನಷ್ಟೇ ಅದು ಕಲಿಯುತ್ತದೆ. ಮಕ್ಕಳ ಮುಖ ನೋಡಿ ತಪ್ಪು ತೀರ್ಮಾನಿಸುವ ಹಿರಿಯರಿಗೂ ಇದರಲ್ಲಿ ಒಂದು ಪಾಠವಿದೆ.

ಹಬ್ಬದ ದಿನ ನಾಯಿಯ ಪಾಡು

ಈ ನಾಲ್ಕೂ ತಾಲ್ಲೂಕುಗಳಿಗೆ ಹೋರಿ ಹಬ್ಬದ ಹುಚ್ಚು ಹೊಸತಲ್ಲ. ದೀಪಾವಳಿಯ ಹೊತ್ತಿಗೆ ಕೊಬ್ಬರಿ ಹಾರ, ಬಲೂನು, ರಿಬ್ಬನ್ನುಗಳಿಂದ ಸಿಂಗರಿಸಿದ ಹೋರಿಗಳನ್ನು ಓಡಿಸುವಾಗ ಹಲಗೆ, ಸಿಳ್ಳೆ, ಕೂಗು, ಪಟಾಕಿಗಳಿಂದ ಊರು ತುಂಬುತ್ತದೆ. ಜನರಿಗೆ ಇದು ಸಡಗರ. ನಾಯಿಗೆ ಹಾಗಲ್ಲ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಸದ್ದನ್ನು ಕೇಳಿದರೆ ನಾಯಿಯ ಕಿವಿ ಸುಮಾರು 45,000ದವರೆಗೂ ಕೇಳಬಲ್ಲದು. ಸದ್ದು ಎಲ್ಲಿಂದ ಬಂತು, ಏಕೆ ಬಂತು, ಯಾವಾಗ ನಿಂತೀತು ಎಂಬುದೊಂದೂ ಅದಕ್ಕೆ ಅರ್ಥವಾಗುವುದಿಲ್ಲ.

ಆ ದಿನಗಳಲ್ಲಿ ನಾಯಿ ಮಂಚದ ಕೆಳಗೆ ಸೇರಿಕೊಳ್ಳುತ್ತದೆ, ನಡುಗುತ್ತದೆ, ಜೊಲ್ಲು ಸುರಿಸುತ್ತದೆ, ಊಟ ಬಿಡುತ್ತದೆ, ಕೆಲವೊಮ್ಮೆ ಹಗ್ಗ ಹರಿದುಕೊಂಡು ಓಡಿಹೋಗುತ್ತದೆ. ಇದು ಹಟವೂ ಅಲ್ಲ, ಅಂಜುಬುರುಕತನವೂ ಅಲ್ಲ. ಹಬ್ಬದ ದಿನ ಅದನ್ನು ಬಾಗಿಲಲ್ಲಿ ಕಟ್ಟಿಹಾಕದೆ ಒಳಕೋಣೆಯಲ್ಲೋ ಹಿತ್ತಲ ಕೊಟ್ಟಿಗೆಯಲ್ಲೋ ಕತ್ತಲೆಯ ತಣ್ಣನೆಯ ಮೂಲೆಯೊಂದನ್ನು ಬಿಟ್ಟುಕೊಡಬೇಕು. ನೀರು ಹತ್ತಿರವಿರಲಿ. ಅಡಗಿದ ನಾಯಿಯನ್ನು ಎಳೆದು ತರಬಾರದು. ಮನೆಯವರೊಬ್ಬರು ಹತ್ತಿರ ಕುಳಿತು ಮೆತ್ತಗೆ ಮಾತಾಡಿದರೆ ಭಯ ಹೆಚ್ಚುತ್ತದೆ ಎಂಬುದು ಸುಳ್ಳು, ಅದಕ್ಕೆ ಸಮಾಧಾನವೇ ಆಗುತ್ತದೆ. ನಾಯಿಯ ಬಾಲಕ್ಕೆ ಪಟಾಕಿ ಕಟ್ಟುವುದು ಕ್ರೌರ್ಯ. ಪ್ರಾಣಿಗಳನ್ನು ಹಿಂಸಿಸುವುದು 1960ರ ಕಾಯಿದೆಯ ಪ್ರಕಾರ ಅಪರಾಧ.

ನೋವನ್ನು ಹೇಗೆ ಹೇಳುತ್ತದೆ?

ನಾಯಿ ನೋವನ್ನು ಕೂಗಿ ಹೇಳುವುದು ಅಪರೂಪ. ದಿನವೂ ಬಾಗಿಲಿಗೆ ಓಡಿಬರುತ್ತಿದ್ದ ನಾಯಿ ಮಲಗಿದಲ್ಲೇ ತಲೆ ಎತ್ತಿ ಸುಮ್ಮನಾದರೆ, ಕಟ್ಟೆ ಏರಲು ಹಿಂದೆಮುಂದೆ ನೋಡಿದರೆ, ಮೈ ಮುಟ್ಟಿದಾಗ ಹೊಸದಾಗಿ ಗುರ್ರೆಂದರೆ ಮೊದಲು ನೋವನ್ನು ಶಂಕಿಸಬೇಕು. ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಎತ್ತಿ, ಬಾಲ ಆಡಿಸದೆ ಹಾಗೇ ನಿಂತುಬಿಟ್ಟರೆ ಅದು ಆಟದ ಕರೆಯಾಗಿರಲಾರದು, ಹೊಟ್ಟೆನೋವಾಗಿರಬಹುದು. ಬೆನ್ನು ಗೂನು ಮಾಡಿ ನಡೆಯುವುದೂ ನೋವಿನ ಸೂಚನೆ. ತಲೆಯನ್ನು ಒಂದೇ ಕಡೆ ವಾಲಿಸಿ ಪದೇ ಪದೇ ಕೊಡವಿದರೆ ಕಿವಿಯೊಳಗೆ ಸೋಂಕು ಅಥವಾ ಉಣುಗು ಇರಬಹುದು. ಒಂದೇ ಜಾಗವನ್ನು ಬಿಡದೆ ನೆಕ್ಕುತ್ತಿದ್ದರೆ ಅಲ್ಲಿ ಗಾಯ, ಕೀಲುನೋವು ಅಥವಾ ಚರ್ಮದ ತುರಿಕೆ ಇದ್ದೀತು. ಕಳವಳದ ನಾಯಿಗಳೂ ಹಾಗೆ ನೆಕ್ಕುವುದುಂಟು. ಆಸನವನ್ನು ನೆಲಕ್ಕೆ ಉಜ್ಜುತ್ತ ಸಾಗಿದರೆ ಗುದದ ಪಕ್ಕದ ಗ್ರಂಥಿಗಳ ತೊಂದರೆ ಇಲ್ಲವೇ ಹೊಟ್ಟೆಹುಳು ಕಾರಣ.

ಮನೆಯಲ್ಲೇ ನೋಡಬಹುದಾದ ಕೆಲವು ಲೆಕ್ಕಗಳಿವೆ. ಮಲಗಿರುವ ಆರೋಗ್ಯವಂತ ನಾಯಿ ನಿಮಿಷಕ್ಕೆ 10ರಿಂದ 30 ಸಲ ಉಸಿರಾಡುತ್ತದೆ. ಅದರ ಮೈಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ನಮಗಿಂತ ಹೆಚ್ಚು. ಆದ್ದರಿಂದ ಕೈಯಿಟ್ಟು ನೋಡಿ ಜ್ವರವೆನ್ನುವುದು ಸರಿಯಲ್ಲ. ಮೂಗು ಒಣಗಿದ್ದರೆ ಕಾಯಿಲೆ ಎಂಬುದನ್ನೂ ನೆಚ್ಚುವಂತಿಲ್ಲ. ವಸಡಿನ ಬಣ್ಣ ಹೆಚ್ಚು ನಂಬಿಕಸ್ಥ. ಅದು ನಸುಗೆಂಪಾಗಿರಬೇಕು, ಬಿಳಿಚಿಕೊಂಡರೆ ರಕ್ತ ಕಡಿಮೆಯಾಗಿದೆ ಎಂದು ತಿಳಿಯಬೇಕು. ಉಣುಗುಗಳಿಂದ ಹರಡುವ ಜ್ವರಗಳಲ್ಲಿ ಹೀಗಾಗುತ್ತದೆ. ಮರಿಗಳಿಗೆ ವಾಂತಿಯೊಡನೆ ರಕ್ತಭೇದಿಯಾದರೆ ಪಾರ್ವೋ ಇರಬಹುದು. ಒಂದು ದಿನವೂ ಕಾಯದೆ ದನದ ದವಾಖಾನೆಗೆ ಒಯ್ಯಬೇಕು.

ಸಪೂರ ಇದ್ದ ಮಾತ್ರಕ್ಕೆ ನಾಯಿಗೆ ಕಾಯಿಲೆ ಎನ್ನುವಂತಿಲ್ಲ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ನಮ್ಮ ಮುಧೋಳ ನಾಯಿಗೆ ಕಿಬ್ಬೊಟ್ಟೆ ಒಳಸರಿದು ಕೊನೆಯ ಪಕ್ಕೆಲುಬುಗಳು ಕಾಣುವುದು ಸಹಜ. ಅದೇ ಊಟ, ಅದೇ ಕೆಲಸವಿದ್ದೂ ಮೊದಲಿಗಿಂತ ಬಡಕಲಾಗುತ್ತಿದೆಯೇ ಎಂಬುದನ್ನು ನೋಡಬೇಕು. ಯಾವ ನಾಯಿಗಾದರೂ ಅದರ ನಿನ್ನೆಯ ರೂಢಿಯೇ ಇಂದಿನ ಅಳತೆಗೋಲು.

ಹುಚ್ಚುನಾಯಿಯ ಗುರುತು

ಮೈಮಾತು ತಿಳಿಯದಿದ್ದರೆ ಪ್ರಾಣಕ್ಕೇ ಕುತ್ತು ತರುವ ರೋಗ ರೇಬಿಸ್. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದರಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಭಾರತದಲ್ಲಿ. ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳು.

ಹುಚ್ಚುನಾಯಿ ಎಂದರೆ ಕಂಡವರನ್ನೆಲ್ಲ ಅಟ್ಟಿಸಿಕೊಂಡು ಬರುವ ನಾಯಿಯೆಂದೇ ನಮ್ಮ ಕಲ್ಪನೆ. ಅಂಥದ್ದೂ ಉಂಟು. ಆದರೆ ಮೂಕಹುಚ್ಚು ಎಂಬ ಇನ್ನೊಂದು ಬಗೆಯಿದೆ. ಆ ನಾಯಿ ಮೂಲೆ ಸೇರಿ ಮಂಕಾಗಿ ಕೂರುತ್ತದೆ. ಕೆಳದವಡೆ ಜೋತುಬೀಳುತ್ತದೆ, ಜೊಲ್ಲು ಸುರಿಯುತ್ತದೆ, ನುಂಗಲು ಆಗುವುದಿಲ್ಲ, ದನಿ ಒಡೆದು ಬದಲಾಗುತ್ತದೆ. ಗಂಟಲಲ್ಲಿ ಎಲುಬು ಸಿಕ್ಕಿದೆಯೆಂದು ಕನಿಕರದಿಂದ ಬಾಯಿಗೆ ಕೈ ಹಾಕಿದವರು ಅಪಾಯಕ್ಕೆ ಸಿಲುಕುತ್ತಾರೆ. ನೀರಿಗೆ ಹೆದರುವುದು ರೋಗ ತಗುಲಿದ ಮನುಷ್ಯರ ಲಕ್ಷಣ. ನಾಯಿ ನೀರಿಗೆ ಹೆದರುವುದಿಲ್ಲ. ‘ನೀರು ಕುಡಿಯಿತು, ಹುಚ್ಚಿಲ್ಲ’ ಎಂದು ನಿಶ್ಚಿಂತರಾಗುವುದು ತಪ್ಪು. ಸಾಧು ನಾಯಿ ಸಿಡುಕುವುದು, ಸಿಡುಕಿನ ನಾಯಿ ಅತಿಯಾಗಿ ಒಡನಾಡುವುದು, ಕಲ್ಲು ಕಟ್ಟಿಗೆ ಕಡಿಯುವುದು, ತೂರಾಡುವುದು, ಹೀಗೆ ಸ್ವಭಾವ ಥಟ್ಟನೆ ಬದಲಾದರೆ ದೂರವಿರಬೇಕು. ಲಕ್ಷಣ ತೋರುವ ಕೆಲವು ದಿನ ಮೊದಲೇ ಜೊಲ್ಲಿನಲ್ಲಿ ವೈರಸ್ ಇರುತ್ತದೆ ಎಂಬುದೂ ನೆನಪಿರಲಿ.

ಕಚ್ಚಿದರೆ, ಪರಚಿದರೆ, ಗಾಯವನ್ನು ನೆಕ್ಕಿದರೆ, ತಕ್ಷಣ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಖಾರದಪುಡಿ, ಅರಿಸಿನ ಯಾವುದನ್ನೂ ಮೆತ್ತಬಾರದು. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು. ಗಾಯ ಆಳವಾಗಿದ್ದರೆ ಗಾಯಕ್ಕೇ ಕೊಡುವ ಸೀರಮ್ಮೂ ಬೇಕಾಗುತ್ತದೆ. ಹೊಕ್ಕುಳ ಸುತ್ತ 14 ಸೂಜಿ ಚುಚ್ಚಿಸಿಕೊಂಡ ಕತೆ ಹೇಳಿ ಅಜ್ಜಂದಿರು ಹೆದರಿಸುವುದುಂಟು. ಆ ಹಳೆಯ ಲಸಿಕೆ 2005ರ ಹೊತ್ತಿಗೇ ನಮ್ಮ ದೇಶದಲ್ಲಿ ನಿಂತುಹೋಯಿತು. ಈಗಿನದು ತೋಳಿಗೆ ಕೊಡುವ ನಾಲ್ಕೈದು ಚುಚ್ಚುಮದ್ದು. ವೈದ್ಯರು ಹೇಳಿದ ದಿನಗಳಲ್ಲಿ ಒಂದನ್ನೂ ತಪ್ಪಿಸಬಾರದು. ಕಲ್ಲು ತೂರಿ ನಾಯಿಗೆ ಬೈಸಿಕೊಳ್ಳುವ ಭಯದಿಂದ ಕಚ್ಚಿದ್ದನ್ನು ಬಚ್ಚಿಡುವ ಮಕ್ಕಳಿದ್ದಾರೆ. ‘ನಾಯಿ ಕಚ್ಚಿದರೆ ಮೊದಲು ನಮಗೆ ಹೇಳು, ನಾವು ಬೈಯುವುದಿಲ್ಲ’ ಎಂದು ಪಾಲಕರು ಈ ದಿನವೇ ಹೇಳಿಡುವುದು ಒಳ್ಳೆಯದು.

ಮಕ್ಕಳು ಏನು ಮಾಡಬೇಕು?

ಉಣ್ಣುವ, ಮಲಗಿದ, ಮರಿಗೆ ಹಾಲೂಡುವ ನಾಯಿಯ ಹತ್ತಿರ ಹೋಗಬಾರದು. ಕಾರ್ತಿಕ ಮಾಸದಲ್ಲಿ ಕೂಡಿದ ನಾಯಿಗಳು ಸುಮಾರು 63 ದಿನಗಳಿಗೆ ಮರಿ ಹಾಕುತ್ತವೆ. ಆದ್ದರಿಂದ ಸಂಕ್ರಾಂತಿಯ ಆಸುಪಾಸು ಬಣವೆ, ಚರಂಡಿಯ ಬಳಿ ತಾಯಿನಾಯಿ ಇದ್ದೀತು ಎಂಬ ಎಚ್ಚರ ಬೇಕು. ಅಪರಿಚಿತ ನಾಯಿ ಬೆನ್ನತ್ತಿದರೆ ಓಡಬಾರದು, ಓಡಿದಷ್ಟೂ ಅದು ಅಟ್ಟಿಸಿಕೊಂಡು ಬರುತ್ತದೆ. ಕೈಗಳನ್ನು ಮೈಗೆ ಹತ್ತಿಸಿ, ನೆಲ ನೋಡುತ್ತ ಮರದಂತೆ ನಿಲ್ಲಬೇಕು. ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಅದು ಮೂಸಿ ದೂರ ಹೋದ ಮೇಲೆ ಮೆಲ್ಲಗೆ ಹಿಂದೆ ಸರಿಯಬೇಕು. ಕೆಳಗೆ ಬಿದ್ದರೆ ಮೊಣಕಾಲು ಎದೆಗೆ ಮಡಚಿ, ಕುತ್ತಿಗೆ ಮತ್ತು ಕಿವಿಗಳನ್ನು ಕೈಗಳಿಂದ ಮುಚ್ಚಿ ಮೂಟೆಯಂತೆ ಮಲಗಬೇಕು.

ಪ್ರಾಣಿಶಾಸ್ತ್ರವನ್ನು ಪುಸ್ತಕದಾಚೆ ಕಲಿಯಬೇಕೆನ್ನುವ ವಿದ್ಯಾರ್ಥಿಗಳು ಒಂದು ವಾರ ಹೀಗೆ ಮಾಡಬಹುದು. ಮನೆಯ ನಾಯಿಯನ್ನು ಬೆಳಿಗ್ಗೆ, ಸಂಜೆ ಹತ್ತು ಹತ್ತು ನಿಮಿಷ ದೂರದಿಂದ ನೋಡಿ, ವೇಳೆ, ಬಾಲ, ಕಿವಿ, ಬಾಯಿ, ಎದುರಿಗೆ ಯಾರಿದ್ದರು, ಮುಂದೇನಾಯಿತು ಎಂದು ಆರು ಅಂಕಣಗಳಲ್ಲಿ ಬರೆದಿಡಬೇಕು. ನಾಲ್ಕೇ ದಿನಗಳಲ್ಲಿ ಅದು ಯಾರನ್ನು ಕಂಡು ಆಕಳಿಸುತ್ತದೆ, ಯಾವ ಸದ್ದಿಗೆ ಬಾಲ ಇಳಿಸುತ್ತದೆ ಎಂಬುದು ಕಾಣತೊಡಗುತ್ತದೆ. ಕಾಯಿಲೆಯಾದಾಗ ಪಶುವೈದ್ಯರಿಗೆ ಈ ಪಟ್ಟಿ ಬಹಳ ಉಪಯೋಗಕ್ಕೆ ಬರುತ್ತದೆ.

ಮರಿಗೆ ಮೂರು ತಿಂಗಳಾದಾಗ ರೇಬಿಸ್ ಲಸಿಕೆ ಹಾಕಿಸಿ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷ ವರ್ಷವೂ ಹಾಕಿಸುತ್ತಿರಬೇಕು. ಲೂಯಿ ಪಾಶ್ಚರ್ ಮಡಿದ ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ನಾಯಿಯಿಂದ ಬರುವ ರೇಬಿಸ್ ಸಾವನ್ನು 2030ರೊಳಗೆ ಇಲ್ಲವಾಗಿಸುವ ಗುರಿಯನ್ನು ನಮ್ಮ ದೇಶ 2021ರ ಅದೇ ದಿನ ಇಟ್ಟುಕೊಂಡಿತು. ನಿಮ್ಮ ನಾಯಿಯ ಲಸಿಕೆಯ ತಾರೀಖು ಮರೆತುಹೋಗಿದ್ದರೆ, ಕ್ಯಾಲೆಂಡರಿನಲ್ಲಿ ಆ ದಿನಕ್ಕೊಂದು ಗುರುತು ಹಾಕಿಟ್ಟುಕೊಳ್ಳಿ.